ನನ್ನ ಬುಗುಡಿ ಕೇಳಲು ಹರಿಹರದ ಪಾದ್ರಿಗಳ ಹತ್ತಿರ ಹೋದದ್ದು

ಬೇರೆಯವರ ಮನೆಯಲ್ಲಿ ಒಡವೆ ಕಳೆದರೆ ಎರಡು ದಿನ ಅತ್ತು ಸುಮ್ಮನಾಗುತ್ತಾರೆ. ನನ್ನ ಮನೆಯಲ್ಲಿ ಏನೇ ಕಳೆಯಲಿ, ಅದರ ಹಿಂದೆಯೇ ನನ್ನ ಮಾನವೂ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತದೆ. ಹುಟ್ಟಿದಾಗಿನಿಂದ ಹಿಂಗೇ. ಈಗ ನೆನೆಸಿಕೊಂಡರೂ ನನಗೆ ಸಿಟ್ಟು ಬರುತ್ತದೆ, ಕೇಳಿದವರಿಗೆ ನಗು ಬರುತ್ತದೆ. ಆ ನಗುವವರ ಮೇಲೂ ನನಗೆ ಸಿಟ್ಟೇ.

೧. ಅಂಜನದವನು ಕಂಡದ್ದು

ದಾವಣಗೆರೆಯಲ್ಲಿ ಆಗಿನ್ನೂ ಹೊಗೆ ಬಿಡುವ ರೈಲು, ನಯಾಪೈಸೆ ಹೊಸದಾಗಿ ಬಂದ ಕಾಲ. ಹಿರಿಮಗಳ ಕೂಸನ್ನು ತೊಟ್ಟಿಲಿಗೆ ಹಾಕಿದ ವಾರವೇ ನನ್ನ ಬುಗುಡಿ ಜೋಡಿ ಮಾಯವಾಯಿತು. ಕಿವಿಯ ಮೇಲಂಚಿಗೆ ಹಾಕುವ ಬಂಗಾರದ ಬುಗುಡಿ, ಹಸಿರು ಹರಳಿನದು. ತವರಿನವರು ಕೊಟ್ಟದ್ದು ಅಂತ ಓಣಿಗೆಲ್ಲ ಹೇಳಿಕೊಂಡಿದ್ದೆ. ಇನ್ನು ಮೂರು ವಾರಕ್ಕೆ ನನ್ನ ತಮ್ಮನ ಮಗನ ಮದುವೆ. ಚಪ್ಪರದ ಕೆಳಗೆ ಬೋಳು ಕಿವಿಯಲ್ಲಿ ನಿಂತರೆ ತಮ್ಮನ ಹೆಂಡತಿ ಏನೇನು ಆಡಿಕೊಂಡಾಳು ಅಂತ ನೆನೆದೇ ಮೈ ಉರಿಯುತ್ತಿತ್ತು. ಆಕೆಯ ಜಾಗದಲ್ಲಿ ನಾನಿದ್ದರೆ ಏನೇನು ಆಡಿಕೊಳ್ಳುತ್ತಿದ್ದೆ ಅನ್ನೋದು ನನಗೆ ಗೊತ್ತಲ್ಲ.

ತೊಟ್ಟಿಲ ಕಾರ್ಯಕ್ಕೆ ರಾಣೆಬೆನ್ನೂರಿನಿಂದ ಬಂದ ನನ್ನ ನಾದಿನಿ, ಅಂದರೆ ನನ್ನ ಗಂಡನ ತಂಗಿ, ಇನ್ನೂ ಮನೆಯಲ್ಲೇ ಇದ್ದಳು. ಪಾಪ, ನನಗಿಂತ ಹೆಚ್ಚು ಹುಡುಕಿದಳು. ಅಕ್ಕಿ ಡಬ್ಬಿ ಸುರುವಿದಳು, ಒರಳುಕಲ್ಲು ಸರಿಸಿದಳು, ಸೌದೆ ಒಟ್ಟಿಲು ಇಳಿಸಿದಳು. ಕೊನೆಗೆ ನನ್ನ ಗಂಡ, "ಶಾಮನೂರಿನಾಗೆ ಒಬ್ಬ ಅಂಜನ ಹಾಕ್ತಾನಂತೆ, ಹೋಗಿ ಕೇಳು" ಅಂದ. ತಾನು ಬರಲಿಲ್ಲ. ಒಳ್ಳೆಯದಕ್ಕೆ ಎಂದಾದರೂ ಬಂದ ಗಂಡಸೇ ಅಲ್ಲ ಅದು.

ಅಂಜನದವನು ವೀಳ್ಯದೆಲೆಗೆ ಕಾಡಿಗೆ ಬಳಿದು, ದೀಪದ ಮುಂದೆ ಹಿಡಿದು, ಕಣ್ಣು ಕಿರಿದು ಮಾಡಿದ.

"ಹೆಂಗಸು ಕಾಣ್ತಾಳೆ."

"ಯಾವ ಹೆಂಗಸು?"

"ನಿಮ್ಮನೀಗೆ ಬಂದು ಹೋಗೋ ಹೆಂಗಸು."

"ಮುಖ ಹೆಂಗೈತೆ ಹೇಳು."

"ಆ ಕಡೆ ತಿರುಗಿಕೊಂಡಾಳೆ."

"ಕರಿ ಹಂಗಾರೆ. ಈ ಕಡೆ ತಿರುಗು ಅನ್ನು."

"ನಾ ಕರೆದ್ರೆ ಆಕಿಗೆ ಕೇಳಂಗಿಲ್ಲವ್ವ. ಎಲೆಯೊಳಗೆ ಇರೋಳು."

ಒಂದು ಸೇರು ಅಕ್ಕಿ, ಎರಡು ಕಾಯಿ, ಒಂದು ಅಂಗವಸ್ತ್ರ ಕೊಟ್ಟು, ಒಬ್ಬ ಹೆಂಗಸಿನ ಬೆನ್ನು ನೋಡಿಕೊಂಡು ಬಂದೆ. ಅದನ್ನೂ ನೋಡಿದವನು ಅವನೇ, ನಾನಲ್ಲ.

೨. ನಲ್ಲಿಯ ಮುಂದೆ

ಮನೆಗೆ ಬಂದು ಹೋಗುವ ಹೆಂಗಸು ಅಂದಮೇಲೆ ಇನ್ನು ಯಾರು? ನಮ್ಮ ಓಣಿಯ ನರ್ಸಮ್ಮ. ಹರಿಹರದ ಕಡೆಯ ಕ್ರೈಸ್ತರವಳು. ಬಿಳಿ ಸೀರೆ, ಕರಿ ಛತ್ರಿ, ಒಂಟಿ ಜೀವ. ನಮ್ಮ ಕಡೆ ಹೆರಿಗೆ ಅಂದರೆ ಅವಳೇ. ನನ್ನ ಮಗಳ ಹೆರಿಗೆ ಮಾಡಿಸಿದವಳೂ, ಆಮೇಲೆ ಕೂಸನ್ನು ನೋಡಲು ದಿನಾ ಬರುತ್ತಿದ್ದವಳೂ ಅವಳೇ. ನಾನು ಈ ಮಾತನ್ನು ಇಬ್ಬರಿಗೆ ಮಾತ್ರ ಹೇಳಿದೆ. ಆ ಇಬ್ಬರನ್ನು ಆರಿಸಿದ್ದು ಮಾತ್ರ ನೋಡಿಯೇ. ಸಂಜೆಯೊಳಗೆ ಓಣಿ ತುಂಬ ಹಬ್ಬಿತು. ಆ ವಾರ ನೋವು ಬಂದ ಇಬ್ಬರು ಬಸುರಿಯರು ನರ್ಸಮ್ಮನನ್ನು ಬಿಟ್ಟು ಕಣ್ಣು ಮಂಜಾದ ಮುದುಕಿ ಸೂಲಗಿತ್ತಿಯನ್ನು ಕರೆಸಿಕೊಂಡರು.

ಮರುದಿನ ನಲ್ಲಿ ಹತ್ತಿರ ಹತ್ತಾರು ಹೆಂಗಸರು ಕೊಡ ಇಟ್ಟು ನಿಂತಿದ್ದಾಗ ನರ್ಸಮ್ಮ ಸೀದಾ ನನ್ನ ಮುಂದೆ ಬಂದು ನಿಂತಳು.

"ಅಕ್ಕಾರೆ, ನನ್ನ ಕಳ್ಳಿ ಅಂದ್ರಂತೆ."

"ನಾನ್ಯಾಕೆ ಹೆಸರು ಹೇಳ್ಲಿ? ಬಿಳಿ ಸೀರೆ ಅಂದೆ, ಛತ್ರಿ ಅಂದೆ. ಅಷ್ಟೆ."

"ಈ ಓಣಿಯಾಗೆ ಛತ್ರಿ ಹಿಡಿಯೋಳು ನಾನೊಬ್ಳೇ ಅಲ್ರಿ?"

"ಅದು ನನ್ನ ತಪ್ಪೇನವ್ವ? ಇನ್ನೊಬ್ರಿಗೆ ಹಿಡೀಬ್ಯಾಡ್ರಿ ಅಂದೀನೇನು?"

ಅವಳ ಕಣ್ಣಲ್ಲಿ ನೀರು ಬಂತು, ಆದರೆ ದನಿ ಬಿದ್ದಿರಲಿಲ್ಲ. "ನೋಡ್ರಿ, ನಾವು ತಪ್ಪು ಮಾಡಿದ್ರೆ ಹರಿಹರದ ಚರ್ಚಿನಾಗೆ ಪಾದ್ರಿಗಳ ಮುಂದೆ ಮೊಣಕಾಲೂರಿ ಎಲ್ಲಾ ಹೇಳ್ಕೋತೀವಿ. ಒಂದೂ ಬಚ್ಚಿಡಂಗಿಲ್ಲ. ಹೋದ ಭಾನುವಾರ ನಾನು ಹೇಳ್ಕೊಂಡು ಬಂದೀನಿ. ಅದರಾಗೆ ನಿಮ್ಮ ಬುಗುಡಿ ಇರಲಿಲ್ಲ. ಬೇಕಾದ್ರೆ ಹೋಗಿ ಕೇಳ್ರಿ."

ಇಷ್ಟು ಹೇಳಿ ಛತ್ರಿ ಬಿಚ್ಚಿಕೊಂಡು ಹೋದಳು. ಉಳಿದವರು ಅವಳ ಕಣ್ಣೀರು ನೋಡುತ್ತಿದ್ದರೆ ನನ್ನ ತಲೆ ಬೇರೆಲ್ಲೋ ಇತ್ತು. ವಾರ ವಾರ ಊರ ಮಂದಿ ಸಾಲು ಹಚ್ಚಿ ತಮ್ಮ ತಮ್ಮ ಹುಳುಕನ್ನೆಲ್ಲ ತಾವಾಗಿಯೇ ಬಂದು ಒಬ್ಬ ಮನುಷ್ಯನ ಕಿವಿಗೆ ಸುರಿದು ಹೋಗುತ್ತಾರಂತೆ. ನಾನು ಒಂದೊಂದು ಸುದ್ದಿಗೂ ಬಾವಿಕಟ್ಟೆಯ ಬಿಸಿಲಲ್ಲಿ ಅರ್ಧ ದಿನ ಕೂತು ಬೆನ್ನು ಸುಟ್ಟುಕೊಂಡವಳು.

೩. ಜಟಕಾ

ಭಾನುವಾರ ಬೆಳಗಿನ ಪ್ಯಾಸೆಂಜರಿಗೆ ಹೊರಟೆ. ನಾದಿನಿ, "ನಾನೂ ಬರ್ತೀನಿ ಅತ್ಗೆ, ಒಬ್ಳೇ ಹೆಂಗೆ ಹೋಗ್ತೀರಿ?" ಅಂದಳು. ದೇವರ ಜಾಗಕ್ಕೆ ಬರಿಗೈಯಲ್ಲಿ ಹೋಗಬಾರದು ಅಂತ ಕಾಯಿ, ಹೂವು, ಊದಿನಕಡ್ಡಿ ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದೆ. ಇಡೀ ದಾರಿ ಎಂಜಿನ್ನಿನ ಕಿಡಿ ಕಣ್ಣಿಗೆ ಬಿದ್ದು, ಇಳಿಯುವ ಹೊತ್ತಿಗೆ ನನ್ನ ಒಂದು ಕಣ್ಣು ಅಳುತ್ತಿತ್ತು, ಇನ್ನೊಂದು ಬೈಯುತ್ತಿತ್ತು.

ಹರಿಹರ ನನಗೆ ಹೊಸದಲ್ಲ. ಹೊಳೆ ಗೊತ್ತು, ಹರಿಹರೇಶ್ವರನ ಗುಡಿ ಗೊತ್ತು, ಉಕ್ಕಡಗಾತ್ರಿ ಜಾತ್ರೆಗೆ ಹೋಗುವಾಗ ಬಸ್ಸು ಹಿಡಿಯುವ ಜಾಗ ಗೊತ್ತು. ಆದರೆ ಚರ್ಚಿನ ಕಡೆ ಕಾಲಿಟ್ಟವಳಲ್ಲ. ಜಟಕಾ ಸಾಬರಿಗೆ ಚರ್ಚಿಗೆ ಹೋಗೋಣ ಅಂದೆ. ಅವರು ತಟ್ಟೆ ನೋಡಿ, ತಲೆಯಾಡಿಸಿ, ಕುದುರೆ ಹೊಡೆದು, ಸೀದಾ ಹರಿಹರೇಶ್ವರನ ಗುಡಿ ಮುಂದೆ ನಿಲ್ಲಿಸಿದರು.

"ಇದು ಗುಡಿ ಅಲ್ಲೇನ್ರಿ ಸಾಬ್ರೆ?"

"ಹೌದಮ್ಮ."

"ನಾ ಚರ್ಚು ಅಂದೆ."

"ಕಾಯಿ ಹಿಡ್ಕೊಂಡು ಚರ್ಚಿಗೆ ಯಾರು ಹೋಗ್ತಾರೆ? ಮರೆತು ಅಂದಿರಿ ಅಂತ ನಾನೇ ಸರಿ ಮಾಡ್ಕೊಂಡೆ."

ತಿರುಗಿಸಿರಿ ಅಂದೆ. ತಿರುಗಿಸಿದರು. ಗಲ್ಲಿ ಮೇಲೆ ಗಲ್ಲಿ ದಾಟಿ, ಹಂಚಿನ ಮನೆಗಳ ಒಂದು ಕೇರಿಯ ಕೊನೆಯಲ್ಲಿ ಬಿಟ್ಟರು. ನಮ್ಮ ಮುತ್ತಜ್ಜನ ಕಾಲಕ್ಕೂ ಹಿಂದಿನದಿರಬೇಕು ಆ ಚರ್ಚು. ಆಳೆತ್ತರದ ಕಲ್ಲು ಬುನಾದಿ, ಗಚ್ಚು ಗಾರೆಯ ದಪ್ಪ ಗೋಡೆ, ಮೇಲೆ ಶಿಲುಬೆ, ಕಿಟಕಿಗೆ ಕೆಂಪು ನೀಲಿ ಗಾಜು. ಅಷ್ಟು ಚೆಂದದ ಕಟ್ಟಡವನ್ನು ಇಷ್ಟು ವರ್ಷ ಹತ್ತಿರವೇ ಇಟ್ಟುಕೊಂಡು ಯಾರೂ ನನಗೆ ಒಂದು ಮಾತು ಹೇಳಿರಲಿಲ್ಲವಲ್ಲ ಅಂತ ಸಿಟ್ಟು ಬಂತು.

ಇಳಿಯುವಾಗ ಸಾಬರು ಕೇಳಿದರು, "ಅಂತೂ ಇಲ್ಲಿಗೆ ಯಾಕೆ ಬಂದ್ರಿ?" ಒಡವೆ ಕಳೆದಿದೆ ಅಂದೆ. ಅವರು ಕುದುರೆಯ ಲಗಾಮು ಬಿಗಿಹಿಡಿದು, "ನನ್ನ ಗಾಡಿಯೊಳಗೆ ಅಲ್ಲಮ್ಮ" ಅಂದವರು ತಿರುಗಿ ನೋಡದೆ ಓಡಿಸಿದರು.

೪. ಬೆನ್ನು ತೋರಿಸಿದ ಪೂಜೆ

ಬಾಗಿಲಲ್ಲಿ ಗಂಟೆ ಹೊಡೆಯುವ ಮುದುಕನಿದ್ದ. ಒಳಗೆ ಪೂಜೆ ನಡೆದಿತ್ತು. ನಾವು ಚಪ್ಪಲಿ ಬಿಟ್ಟೆವು. ಒಳಗಿದ್ದವರು ಮೆಟ್ಟಿಕೊಂಡೇ ಇದ್ದರು. ಸಾಲಾಗಿ ಬೆಂಚು ಹಾಕಿದ್ದರು. ಒಂದು ಕಡೆ ಹಣ್ಣು ಹಣ್ಣು ಮುದುಕರು ಕೂತಿದ್ದರು. ಹಿರೇ ಗಂಡಸರ ಸರಿಸಮ ಮೇಲೆ ಕೂಡುವ ಪದ್ಧತಿ ನಮ್ಮಲ್ಲಿಲ್ಲ, ಅದಕ್ಕೆ ನಾವಿಬ್ಬರೂ ಸೆರಗು ಹೊದ್ದು ನಡುದಾರಿಯಲ್ಲೇ ನೆಲಕ್ಕೆ ಕೂತೆವು. ಮುದುಕ ಓಡಿ ಬಂದ.

"ಅವ್ವಾ, ಮ್ಯಾಲೆ ಕೂಡ್ರಿ. ದಾರಿ ಐತೆ ಇದು."

"ಗಂಡಸರು ಇಳಿದು ಕೂತ್ರೆ ನಾವು ಏರ್ತೀವಿ."

"ಅವರು ಇಳಿಯಂಗಿಲ್ಲವ್ವ."

"ನಾವೂ ಏರಂಗಿಲ್ಲ."

ಪಾದ್ರಿಗಳು ಪೂಜೆಯ ಉದ್ದಕ್ಕೂ ನಮಗೆ ಬೆನ್ನು ಹಾಕಿಯೇ ನಿಂತಿದ್ದರು, ನಾನು ಬರುವ ಮೊದಲೇ ನನ್ನ ಮೇಲೆ ಮುನಿಸಿಕೊಂಡವರ ಹಾಗೆ. ಮಂತ್ರ ಒಂದಕ್ಷರ ತಿಳಿಯಲಿಲ್ಲ. ಅದಕ್ಕೆ ನಾನು ಸಿಟ್ಟಾಗಲಿಲ್ಲ. ನಮ್ಮ ಪೂಜಾರಿಯದೂ ತಿಳಿಯುವುದಿಲ್ಲ. ಆಮೇಲೆ ಮಂದಿಯೆಲ್ಲ ಎದ್ದು ಸಾಲು ಹಚ್ಚಿದರು. ಪ್ರಸಾದ ಅಂತ ನಾವೂ ತಟ್ಟೆ ಹಿಡಿದು ಹಿಂದೆ ನಿಂತೆವು. ಮುದುಕ ಮತ್ತೆ ಬಂದು, ಇದು ತಮ್ಮವರಿಗಷ್ಟೇ ಅಂದ. "ಹೋಗ್ಲಿ, ಈ ಕಾಯಿ ಒಡೆದು ಕೊಡಪ್ಪ" ಅಂದೆ. ಇಲ್ಲಿ ಕಾಯಿ ಒಡೆಯಂಗಿಲ್ಲ ಅಂದ.

ಮನೆಯಿಂದ ಹೊತ್ತು ತಂದ ಕಾಯನ್ನು ಇಡಿಯಾಗಿ ವಾಪಸ್ ಒಯ್ದರೆ ಒಳ್ಳೆಯದಾಗುತ್ತದೇನು? ಹೊರಗೆ ಬಂದು ಕಲ್ಲುಮೆಟ್ಟಿಲ ಮೇಲೆ ನಾನೇ ಒಡೆದೆ. ಆ ಸದ್ದಿಗೆ ಪಾರಿವಾಳಗಳೆಲ್ಲ ಎದ್ದವು. ಮುದುಕ ಅಂಗಳದಿಂದ ನನ್ನನ್ನು ಬೈದುಕೊಂಡೇ ಬಂದ, ಬೈಯುತ್ತಲೇ ಎರಡೂ ಹೋಳು ಎತ್ತಿಕೊಂಡ, ಬೈಯುತ್ತಲೇ ತನ್ನ ಮನೆಯ ಕಡೆ ಕೂಗಿ, "ಚಟ್ನಿಗೆ ಕಾಯಿ ಬಂತು" ಅಂದ.

೫. ಮರದ ಗೂಡು

ಪೂಜೆ ಮುಗಿದ ಮೇಲೆ ಪಾದ್ರಿಗಳು ಗೋಡೆ ಪಕ್ಕದ ಒಂದು ಮರದ ಗೂಡಿನೊಳಗೆ ಹೋಗಿ ಕೂತರು. ಪಕ್ಕದಲ್ಲಿ ಜಾಲಂಧ್ರದ ಕಿಂಡಿ. ನಾಲ್ಕಾರು ಮಂದಿ ಒಬ್ಬೊಬ್ಬರಾಗಿ ಹೋಗಿ ಮೊಣಕಾಲೂರಿ, ಕಿಂಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿ ಬಂದರು. ಒಬ್ಬ ಹುರಿಮೀಸೆಯ ಗಂಡಸು ಕಣ್ಣೊರೆಸಿಕೊಂಡು ಬಂದ. ಏನು ಮಾಡಿದ್ದನೋ ಏನೋ. ನನಗೆ ತಡೆಯಲಾಗಲಿಲ್ಲ. ಎದ್ದು ಗೂಡಿಗೆ ಹತ್ತಿರದ ಕಂಬಕ್ಕೆ ಆತು ಕೂತೆ.

ಮುದುಕ ಬಂದ. "ಅಲ್ಲಿ ಕೂಡಬ್ಯಾಡ್ರವ್ವ. ಒಳಗಿನ ಮಾತು ಕೇಳಿಸ್ತದೆ."

"ಕೇಳಿಸ್ಲಿ ಅಂತಲೇ ಕೂತೀನಿ."

"ಹಂಗೆಲ್ಲ ಕೇಳಂಗಿಲ್ಲ. ಅದು ಪಾದ್ರಿಗಳಿಗಷ್ಟೆ."

"ಅವರು ಆಮೇಲೆ ಯಾರಿಗೆ ಹೇಳ್ತಾರೆ?"

"ಯಾರಿಗೂ ಇಲ್ಲ."

"ಹೆಂಡ್ತಿಗೆ?"

"ಅವರಿಗೆ ಹೆಂಡ್ತಿ ಇಲ್ಲ."

"ಹೆತ್ತ ತಾಯಿಗೆ?"

"ಜೀವ ಹೋದ್ರೂ ಯಾರಿಗೂ ಹೇಳಂಗಿಲ್ಲವ್ವ."

ಇಂಥ ಅನ್ಯಾಯ ನಾನು ಎಲ್ಲೂ ಕಂಡಿಲ್ಲ. ನಮ್ಮ ಕಡೆ ಬಾವಿ ತುಂಬಿದರೆ ಹತ್ತು ಮನೆಯವರು ಸೇದಿಕೊಳ್ಳುತ್ತಾರೆ. ಇಲ್ಲಿ ಇಡೀ ಹರಿಹರದ ಸುದ್ದಿ ಒಬ್ಬನ ಹೊಟ್ಟೆಯಲ್ಲಿ ಕೊಳೆಯುತ್ತಿತ್ತು.

ಹೆಂಗೆ ಕೂಡಬೇಕು, ಹೆಂಗೆ ಕೇಳಬೇಕು ನೋಡಿಕೊಂಡು ಬರಲಿ ಅಂತ ಮೊದಲು ನಾದಿನಿಯನ್ನು ಕಳಿಸಿದೆ. ಹೋದವಳು ಹೋದಳೇ. ನಾನು ಎರಡು ಸಲ ಎಲೆಯಡಿಕೆ ಹಾಕಿ ಉಗಿದು ಬಂದರೂ ಅವಳು ಏಳಲಿಲ್ಲ. ಕೊನೆಗೆ ಮೂಗು ಕೆಂಪಗೆ ಮಾಡಿಕೊಂಡು ಬಂದಳು.

"ಏನಂದ್ರೆ?"

"ಭಾಳ ಒಳ್ಳೇರು ಅತ್ಗೆ."

"ಬುಗುಡಿ ಮಾತು ತೆಗೆದ್ಯೋ ಇಲ್ಲೋ?"

"ಬುಗುಡಿ ಮಾತೇ ಆಡಿದ್ವಿ."

"ಕದ್ದೋರು ಯಾರು ಅಂತ ಗೊತ್ತೇನು ಅವರಿಗೆ?"

"ಗೊತ್ತೈತೆ. ಆದ್ರೆ ಹೇಳಂಗಿಲ್ಲಂತೆ."

ಗೊತ್ತಿದ್ದೂ ಹೇಳದ ಗಂಡಸು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ.

೬. ನನ್ನ ಪಾಳಿ

ಒಳಗಿನಿಂದ ಮೆತ್ತನೆ ದನಿ ಬಂತು. ಮಂಗಳೂರ ಕಡೆಯವರಿರಬೇಕು, ಪುಸ್ತಕ ಓದಿದ ಹಾಗೆ ಮಾತು. "ಹೇಳಿ ಅಮ್ಮ."

"ನಾವು ನಿಮ್ಮ ಪೈಕಿ ಅಲ್ಲ ಸ್ವಾಮೇರೆ."

"ಪರವಾಗಿಲ್ಲ. ಏನು ಕಷ್ಟ?"

"ನಮ್ಮ ಓಣಿ ನರ್ಸಮ್ಮ ಹೋದ ಭಾನುವಾರ ಬಂದು ಏನು ಹೇಳಿದ್ಲು?"

"ಅದನ್ನು ನಾನು ಹೇಳುವ ಹಾಗಿಲ್ಲ ಅಮ್ಮ."

"ಬಾಯಿಬಿಟ್ಟು ಹೇಳಬ್ಯಾಡ್ರಿ. ತಲೆ ಅಲ್ಲಾಡಿಸಿದ್ರೆ ಸಾಕು."

"ಕತ್ತಲು, ನಿಮಗೆ ಕಾಣುವುದಿಲ್ಲ."

"ಹಂಗಾರೆ ಕದ್ದಿದ್ರೆ ಒಂದು ಸಲ ಕೆಮ್ಮ್ರಿ."

ಅವರಿಗೆ ಅದೇ ಹೊತ್ತಿಗೆ ನಿಜವಾಗಿ ಕೆಮ್ಮು ಬಂತು. ಗಾಬರಿಯಿಂದ, "ಅಮ್ಮ, ಇದು ಬರೀ ಕೆಮ್ಮು, ಬರೀ ಕೆಮ್ಮು" ಅಂದರು.

ಸುಮ್ಮನೆ ಕೇಳಿದರೆ ಯಾರು ಕೊಡುತ್ತಾರೆ, ಕೊಟ್ಟು ತಗೊಳ್ಳಬೇಕು. ಅದಕ್ಕೆ ನಾನೇ ಶುರುಮಾಡಿದೆ. ಎಣ್ಣೆ ಗಾಣದವನ ಹೆಂಡತಿ ಯಾರ ಮನೆಯ ಕೋಳಿ ಸಾರು ಮಾಡಿದಳು, ನನ್ನ ತಮ್ಮನ ಹೆಂಡತಿ ಮದುವೆಗೆ ಮೊದಲು ಯಾರನ್ನು ನೋಡಿ ನಗುತ್ತಿದ್ದಳು, ನನ್ನ ಗಂಡ ಸಿದ್ಧಗಂಗೆಗೆ ಅಂತ ಹೇಳಿ ಯಾವ ನಾಟಕ ಕಂಪನಿಯ ಟೆಂಟಿನಲ್ಲಿ ಕೂತಿದ್ದ, ಎಲ್ಲ ಹೇಳಿದೆ.

ಪಾದ್ರಿಗಳು ತಡೆದರು. "ಅಮ್ಮ, ಇಲ್ಲಿ ಬೇರೆಯವರ ತಪ್ಪು ಹೇಳುವುದಿಲ್ಲ. ನಮ್ಮದು ಮಾತ್ರ."

"ನಂದೇನೈತೆ ಸ್ವಾಮೇರೆ?" ಅಂದೆ. ಅಷ್ಟು ಹೊತ್ತಿಗೆ ನನಗೆ ತಲೆ ತನಕ ಸಿಟ್ಟೇರಿತ್ತು. "ಆ ಬುಗುಡಿ ಸುಮ್ಮನೆ ಬಂದಿದ್ದು ಅಂತ ಮಾಡೀರೇನು? ನಮ್ಮತ್ತಿ ಸಾಯೋವಾಗ 'ಇದನ್ನ ನನ್ನ ಮಗಳಿಗೆ ಕೊಡು' ಅಂತ ಬಿಚ್ಚಿ ನನ್ನ ಕೈಗೆ ಇಟ್ಲು. ಮಗಳು ರಾಣೆಬೆನ್ನೂರಿಂದ ಬರೋದ್ರೊಳಗೆ ಮುಚ್ಚಿಟ್ಟೆ. ನಿಮ್ಮವ್ವನ ಔಷಧಕ್ಕೆ ಮಾರಿದ್ವಿ ಅಂದೆ. ಆಮೇಲೆ ಅಕ್ಕಸಾಲಿಗನ ಹತ್ರ ಕೆಂಪು ಹರಳು ಕೀಳ್ಸಿ ಹಸಿರು ಕೂಡ್ಸಿ, ತವರಿನೋರು ಕೊಟ್ರು ಅಂತ ಇಲ್ಲಿ ಹೇಳಿ, ಗಂಡ ಮಾಡಿಸ್ದ ಅಂತ ತವರಿನಾಗೆ ಹೇಳಿ, ಇಷ್ಟು ವರ್ಷ ಕಾಪಾಡಿಕೊಂಡು ಬಂದೀನಿ. ಅಷ್ಟು ಕಷ್ಟಪಟ್ಟ ಒಡವೆನ ಯಾವಳೋ ಕದ್ರೆ ಹೊಟ್ಟೆ ಉರಿಯಂಗಿಲ್ಲೇನ್ರಿ?"

ತಿರುಗಿ ನೋಡಿದರೆ ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆಯೇ ನೋಡುತ್ತಿದ್ದರು. ನಾನು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿದವಳು. ಆ ಮಿಷನ್ನುಗಳ ಗದ್ದಲದಲ್ಲಿ ಪಕ್ಕದವಳಿಗೆ ನೀರು ಕೊಡೆ ಅನ್ನಲೂ ಕೂಗಬೇಕು. ನಾನು ಪಿಸುಗುಟ್ಟಿದ್ದೀನಿ ಅಂದುಕೊಂಡಿದ್ದೆ. ಬಾಗಿಲಲ್ಲಿದ್ದ ಮುದುಕ ಗಂಟೆಯ ಹಗ್ಗ ಹಿಡಿದು ಬಾಯಿ ತೆರೆದು ನಿಂತಿದ್ದ.

ನಾದಿನಿ ಎದ್ದು ನಿಂತಳು. ಸೊಂಟದಿಂದ ಎಲೆಯಡಿಕೆ ಸಂಚಿ ಬಿಚ್ಚಿದಳು. ಸುಣ್ಣದ ಡಬ್ಬಿಯ ಕೆಳಗಿನಿಂದ ಬುಗುಡಿ ಜೋಡಿ ತೆಗೆದಳು.

"ಹರಳು ಬದಲಾಯಿಸಿದ್ರೇನಾತು ಅತ್ಗೆ. ನಮ್ಮವ್ವ ತಿರುಪು ಸಡಿಲಾದಾಗ ಬಿಚ್ಚಿ ಹಲ್ಲಿನಾಗೆ ಕಚ್ಚಿ ಬಿಗಿ ಮಾಡ್ತಿದ್ಲು. ಆ ಹಲ್ಲಿನ ಗುರುತು ಇನ್ನೂ ಐತೆ. ತೊಟ್ಟಿಲ ದಿನ ನೀವು ಸ್ನಾನಕ್ಕೆ ಹೋದಾಗ ಕೈಯಾಗೆ ಹಿಡಿದು ನೋಡಿದೆ. ಅನುಮಾನದ ಮ್ಯಾಲೆ ತಗೊಂಡೆ. ಒಂದು ವೇಳೆ ನಿಮ್ಮದೇ ಆಗಿದ್ರೆ ಅಂತ ನಿದ್ದೆ ಬರ್ತಿರಲಿಲ್ಲ."

ಆಮೇಲೆ ಗೂಡಿನ ಕಡೆ ತಿರುಗಿ ಕೇಳಿದಳು, "ಸ್ವಾಮೇರೆ, ಆಗ್ಲೆ ನೀವು ಯಾರದೋ ಅವರಿಗೆ ವಾಪಸ್ ಕೊಡು ಅಂದ್ರಲ್ಲ, ಈಗ ಯಾರಿಗೆ ಕೊಡ್ಲಿ ಹೇಳ್ರಿ."

ಒಳಗಿನಿಂದ ಪಾದ್ರಿಗಳು ಒಂದು ಸಲ ಕೆಮ್ಮಿದರು. ಈ ಸಲದ್ದು ಬರೀ ಕೆಮ್ಮಲ್ಲ.

೭. ಎಮ್ಮೆ

ರೈಲಿನಲ್ಲಿ ಅವಳು ಕಿಟಕಿ ಪಕ್ಕ ಕೂತು, ಎರಡೂ ಕಿವಿಗೆ ಬುಗುಡಿ ಹಾಕಿಕೊಂಡು, ಗಾಳಿಗೆ ಸೆರಗು ಜಾರಿದರೂ ಹೊದ್ದುಕೊಳ್ಳಲಿಲ್ಲ. ನಾನು ದಾವಣಗೆರೆ ಬರುವ ತನಕ ಮಾತಾಡಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ದೂರ ಬಾಯಿ ಮುಚ್ಚಿ ಹೋದದ್ದು ಅದೊಂದೇ ಸಲ.

ಮರುದಿನ ನಲ್ಲಿ ಹತ್ತಿರ ಹೋಗಿ, "ನರ್ಸಮ್ಮ ತಗೊಂಡಿಲ್ಲ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಮತ್ತೆ ಯಾರು?" ಅಂದಳು ಒಬ್ಬಳು, ತುಟಿ ಬಿಗಿಹಿಡಿದು. ಗೊತ್ತಿಲ್ಲ ಅಂದೆ. ಎಲ್ಲರೂ ಕೊಡ ಕೆಳಗಿಟ್ಟು ನಕ್ಕರು. ನಾದಿನಿ ನನಗಿಂತ ಮೊದಲೇ ನೀರಿಗೆ ಬಂದು ಹೋಗಿದ್ದಳು. ನರ್ಸಮ್ಮ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. "ಆಯ್ತು ಬಿಡ್ರಿ ಅಕ್ಕಾರೆ, ಕೂಸಿಗೆ ನೆಗಡಿ ಹೆಂಗೈತೆ?" ಅಂದಳು. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಅದಕ್ಕೂ ದಾರಿ ಬಿಡಲಿಲ್ಲ ಆಕೆ. ಆ ವಾರದಿಂದ ಓಣಿಯ ಬಸುರಿಯರು ಮತ್ತೆ ಅವಳನ್ನೇ ಕರೆದರು. ತಮ್ಮನ ಮಗನ ಮದುವೆಗೆ ನಾನು ಬೋಳು ಕಿವಿಯಲ್ಲೇ ಹೋದೆ. ನಾದಿನಿಯೂ ಬಂದಿದ್ದಳು, ಕರೆಯದಿದ್ದರೂ.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಸುದ್ದಿ ಹಬ್ಬುತ್ತ ಹಬ್ಬುತ್ತ ಮೈ ಬದಲಾಯಿಸಿತು. ಶಾಮನೂರು ತಲುಪುವ ಹೊತ್ತಿಗೆ, ಹರಿಹರದ ಚರ್ಚಿನಲ್ಲಿ ಒಂದು ಮರದ ಗೂಡು ಐತೆ, ಅದರ ಮುಂದೆ ಕೂತರೆ ಕಳೆದ ವಸ್ತು ಅಲ್ಲೇ ಪ್ರತ್ಯಕ್ಷ ಆಗ್ತದೆ, ಅಂಜನಕ್ಕಿಂತ ಮೇಲು ಅಂತ ಆಗಿತ್ತು.

ಒಂದು ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಶಾಮನೂರಿನ ಒಬ್ಬ ರೈತ, ತಲೆಗೆ ರುಮಾಲು, ಕೈಯಲ್ಲಿ ಕಾಯಿ.

"ನೀವೇ ಏನವ್ವ ಬುಗುಡಿಯಮ್ಮ ಅಂದ್ರೆ?"

ಆ ಹೆಸರು ನನಗೆ ಬಿದ್ದದ್ದು ಅವತ್ತೇ ಗೊತ್ತಾದದ್ದು. "ಯಾಕ? ಏನು ಬೇಕು?"

"ನನ್ನ ಕರೇ ಎಮ್ಮೆ ಕಳೆದೈತ್ರಿ. ಹರಿಹರಕ್ಕೆ ಹೋಗಿ ಪಾದ್ರಿಗಳ ಗೂಡಿನ ಮುಂದೆ ಕೂತು ಕೇಳಿದೆ."

"ಏನಂದ್ರು?"

"ಅವರು ಹೊರಗೆ ಬಂದು ಕೈ ಮುಗಿದು ಹೇಳಿದ್ರು ನೋಡ್ರಿ: 'ನನಗೆ ಎಮ್ಮೆ ವಿಷಯ ತಿಳಿಯದಪ್ಪ. ದಾವಣಗೆರೆಯಲ್ಲಿ ಒಬ್ಬ ಅಮ್ಮ ಇದ್ದಾರೆ. ಸುತ್ತಲಿನ ಊರವರ ತಪ್ಪುಗಳೆಲ್ಲ ಅವರಿಗೆ ಬಾಯಿಪಾಠ. ಅವರನ್ನು ಕೇಳು, ನೀನು ಕೇಳದಿದ್ದರೂ ಹೇಳುತ್ತಾರೆ.'"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಪಾದ್ರಿಗಳನ್ನು ಬೈದೆ, ಅವರ ಗೂಡನ್ನು ಬೈದೆ, ಕಾಯಿ ಹಿಡಿದು ಬಂದವನನ್ನು ಬೈದೆ, ಅವನಿಗೆ ನನ್ನ ಮನೆ ತೋರಿಸಿದವರನ್ನು ಬೈದೆ, ನನ್ನ ನಾದಿನಿಯನ್ನು ಬೈದೆ, ಸತ್ತ ನಮ್ಮತ್ತೆಯ ಹಲ್ಲನ್ನೂ ಬಿಡಲಿಲ್ಲ. ಆ ಮನುಷ್ಯ ಹೆದರಿ ಕಾಯಿ ಹೊಸ್ತಿಲ ಮೇಲಿಟ್ಟು ಹಿಂದೆ ಹಿಂದೆ ಸರಿದು ತಲೆ ಎತ್ತದೆ ಹೊರಟ. ಓಣಿಯ ತಿರುವು ದಾಟುವ ತನಕ ನಾನು ಹೇಗೋ ತಡೆದುಕೊಂಡೆ.

ಆಮೇಲೆ ಓಡಿ ಹೋಗಿ ಅವನನ್ನು ಹಿಡಿದು ನಿಲ್ಲಿಸಿ, ಎಮ್ಮೆ ಯಾರ ಹಿತ್ತಿಲಲ್ಲಿ ಕಟ್ಟಿದೆ ಅಂತ ಹೇಳಿದೆ.